ಅಪ್ಪ ಒಂದು ಬಗೆ, ಅಮ್ಮ ಇನ್ನೊಂದು ಬಗೆ

ಇವತ್ತು ರಾತ್ರಿ ಊಟ ಆದಮೇಲೆ ಗೋಡೆಯ ಮೇಲಿನ ಟ್ಯೂಬ್‌ಲೈಟಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಮಕ್ಕಳೇ. ದೀಪಕ್ಕೆ ಮುತ್ತುವ ಹುಳ ಹಿಡಿಯಲು ಹಲ್ಲಿಗಳು ಬಂದಿರುತ್ತವೆ. ಅದರಲ್ಲೊಂದು ಲೊಚಗುಟ್ಟಿದರೆ ಅಜ್ಜಿ ನೆಲಕ್ಕೆ ಬೆರಳು ಬಡಿದು “ಕೃಷ್ಣ ಕೃಷ್ಣ” ಅನ್ನಬಹುದು. ನೀವು ಮಾತ್ರ ಸದ್ದು ಮಾಡದೆ ನೋಡುತ್ತಾ ನಿಲ್ಲಿ.

ಮೊದಲ ನೋಟಕ್ಕೆ ಎಲ್ಲವೂ ಒಂದೇ ಹಲ್ಲಿ. ಸ್ವಲ್ಪ ಹೊತ್ತು ನೋಡಿದರೆ ಒಂದರ ಬಾಲದ ಮೇಲೆ ಸಣ್ಣ ಮುಳ್ಳಿನಂಥ ಉಬ್ಬುಗಳ ಸಾಲು ಕಾಣಿಸುತ್ತದೆ. ಇನ್ನೊಂದು ಅದಕ್ಕಿಂತ ದಪ್ಪ, ಮೈಮೇಲೆ ಮರದ ತೊಗಟೆಯಂಥ ಬೂದು ಅಲೆಗೆರೆಗಳು. ಇವು ಬೇರೆ ಬೇರೆ ಪ್ರಭೇದಗಳು. ಗೋಡೆ ಒಂದೇ, ದೀಪ ಒಂದೇ, ತಿನ್ನುವ ಹುಳವೂ ಒಂದೇ, ಆದರೆ ಸಂಸಾರ ಮಾತ್ರ ಬೇರೆ ಬೇರೆ.

ಪ್ರಭೇದ ಅಂದರೇನು? ತಮ್ಮತಮ್ಮೊಳಗೇ ಜೋಡಿಯಾಗಿ ಮರಿ ಮಾಡುವ, ಆ ಮರಿಗಳೂ ದೊಡ್ಡವಾಗಿ ಮತ್ತೆ ಮರಿ ಮಾಡುತ್ತಾ ಹೋಗುವ ಒಂದು ದೊಡ್ಡ ಬಳಗ ಅಂದುಕೊಳ್ಳಿ. ಮುಧೋಳದ ನಾಯಿಯೂ ಮನೆಯ ಪುಟ್ಟ ಪೊಮೆರೇನಿಯನ್ ನಾಯಿಯೂ ನೋಡಲು ಎಷ್ಟು ಬೇರೆ! ಆದರೂ ಎರಡೂ ನಾಯಿ ಎಂಬ ಒಂದೇ ಪ್ರಭೇದ. ಅವು ಬೇರೆ ಬೇರೆ ತಳಿಗಳು, ಅಷ್ಟೇ. ಕುದುರೆ ಮತ್ತು ಕತ್ತೆ ಹಾಗಲ್ಲ. ಅವು ಎರಡು ಪ್ರಭೇದಗಳು. ಅವೆರಡೂ ಕೂಡಿದರೆ ಹುಟ್ಟುವುದು ಹೇಸರಗತ್ತೆ.

ಹಲ್ಲಿ, ಓತಿಗಳಲ್ಲೂ ಹೀಗೆ ಎರಡು ಪ್ರಭೇದಗಳನ್ನು ಕೂಡಿಸಬಹುದೆ? ಕೂಡಿಸಬೇಕೆ? ಹಲ್ಲಿ ಜಾತಿಯ ಪ್ರಾಣಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮುದ್ದಿಗಾಗಿ ಸಾಕುವವರು ಅಮೆರಿಕ, ಯುರೋಪುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಈ ಪ್ರಶ್ನೆಯ ಮೇಲೆ ಹಳೆಯ ಜಗಳವೊಂದಿದೆ. ಆ ಜಗಳ ಅರ್ಥವಾಗಬೇಕಾದರೆ ನಾವು ಮೊದಲು ಆಸ್ಟ್ರೇಲಿಯಾಕ್ಕೆ ಹೋಗಿಬರಬೇಕು.

ಅಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಪ್ರಾಣಿ ಇದೆ. ನಾವು ಅದನ್ನು ಗಡ್ಡದ ಓತಿ ಎಂದು ಕರೆಯೋಣ. ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಬಳಗದ್ದೇ ಅದು. ಸಿಟ್ಟು ಬಂದರೆ ಗಂಟಲನ್ನು ಪೂರಿಯ ಹಾಗೆ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದೆ. ಅಂಚಿನಲ್ಲಿ ಮುಳ್ಳುಮುಳ್ಳಾದ ಹುರುಪೆಗಳು ಇರುವುದರಿಂದ ಥೇಟ್ ಗಡ್ಡದಂತೆ ಕಾಣುತ್ತದೆ. ತನಗಿಂತ ದೊಡ್ಡದೊಂದು ಎದುರಿಗೆ ಬಂದರೆ ಒಂದು ಕೈ ಎತ್ತಿ ಮೆಲ್ಲಗೆ ಸುತ್ತಿಸುತ್ತದೆ. ತರಗತಿಯಲ್ಲಿ ಅರ್ಧ ಮನಸ್ಸಿನಿಂದ ಕೈ ಎತ್ತುತ್ತೀರಲ್ಲ, ಹಾಗೆ! “ನಾನು ನಿನ್ನ ಜೊತೆ ಜಗಳಕ್ಕಿಲ್ಲ” ಎಂದು ಅದರ ಅರ್ಥ.

ಗಡ್ಡದ ಓತಿಗಳಲ್ಲಿ ಹಲವು ಪ್ರಭೇದಗಳಿವೆ. ನಮ್ಮ ಕಥೆಗೆ ಎರಡು ಸಾಕು. ಒಂದು ದೊಡ್ಡದು, ವಿಟಿಸೆಪ್ಸ್. ಆಸ್ಟ್ರೇಲಿಯಾದ ಒಳನಾಡಿನ ಒಣ ಕುರುಚಲು ಕಾಡುಗಳಲ್ಲಿ ಇರುತ್ತದೆ. ಅಲ್ಲಿನ ಕೆಂಪು ಮಣ್ಣಿಗೆ ಹೊಂದುವ ಕೆಂಚು ಮೈಬಣ್ಣ ಎಷ್ಟೋ ಓತಿಗಳಿಗೆ. ಬಾಲದ ತುದಿಯವರೆಗೆ ಅಳೆದರೆ 45ರಿಂದ 60 ಸೆಂಟಿಮೀಟರ್, ಅಂದರೆ ನಿಮ್ಮ ಶಾಲೆಯ ಒಂದೂವರೆ ಅಡಿಪಟ್ಟಿಯಿಂದ ಎರಡು ಅಡಿಪಟ್ಟಿಯಷ್ಟು ಉದ್ದ.

ಇನ್ನೊಂದು ಚಿಕ್ಕದು, ರ‍್ಯಾಂಕಿನ್ ಓತಿ. ಸುಮಾರು ಒಂದೇ ಅಡಿಪಟ್ಟಿಯಷ್ಟು ಉದ್ದ. ಗಡ್ಡವೂ ಚಿಕ್ಕದು. ಇದು ಇರುವುದು ಕ್ವೀನ್ಸ್‌ಲ್ಯಾಂಡಿನ ಕಪ್ಪು ಮಣ್ಣಿನ ಬಯಲಿನಲ್ಲಿ. ಗದಗ, ವಿಜಯಪುರದ ಕಡೆ ಎರೆಹೊಲ ನೋಡಿದ ಮಕ್ಕಳಿಗೆ ಆ ಬಯಲು ಕಣ್ಣಿಗೆ ಕಟ್ಟುತ್ತದೆ. ಮಳೆಗೆ ಅಂಟಂಟು, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು. ಮರ ಕಡಿಮೆ, ಹುಲ್ಲು ಹೆಚ್ಚು. ಬಿಸಿಲು ಏರಿದಾಗ, ಹದ್ದು ಸುತ್ತಿದಾಗ, ರ‍್ಯಾಂಕಿನ್ ಓತಿ ಆ ಬಿರುಕಿನೊಳಗೆ ಇಳಿದುಬಿಡುತ್ತದೆ. ಇದಕ್ಕೆ 1985ರಲ್ಲಿ ವೈಜ್ಞಾನಿಕ ಹೆಸರು ಇಟ್ಟವರು ಹೆನ್ರಿ ಲಾಸನ್ ಎಂಬ ಆಸ್ಟ್ರೇಲಿಯಾದ ಕವಿಯ ಹೆಸರನ್ನೇ ಆರಿಸಿಕೊಂಡರು. ಓತಿಯೊಂದು ಕವಿಯ ಹೆಸರು ಹೊತ್ತು ತಿರುಗುತ್ತದೆ ಅಂದರೆ ನನಗಂತೂ ಬಹಳ ಖುಷಿ.

ಈಗ ಸಾಕುವವರ ಮನೆಗೆ ಬನ್ನಿ. ಯಾರೋ ಒಬ್ಬರು ಒಂದು ವಿಟಿಸೆಪ್ಸ್, ಒಂದು ರ‍್ಯಾಂಕಿನ್ ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟರು. ಅವು ಜೋಡಿಯಾದವು. ಹೆಣ್ಣು ಮೊಟ್ಟೆ ಇಟ್ಟಿತು. ಕೋಳಿಮೊಟ್ಟೆಯ ಹಾಗೆ ಗಟ್ಟಿ ಸಿಪ್ಪೆಯ ಮೊಟ್ಟೆಯಲ್ಲ. ಮುಟ್ಟಿದರೆ ಒದ್ದೆ ತೊಗಲಿನಂತೆ ಮೆತ್ತಗೆ. ತೇವದ ಹುಡಿ ತುಂಬಿದ ಡಬ್ಬಿಯಲ್ಲಿ ಅರ್ಧ ಹೂತು, ಹದವಾದ ಶಾಖದ ಕಾವುಪೆಟ್ಟಿಗೆಯಲ್ಲಿ ಇಟ್ಟರೆ ಎರಡು ತಿಂಗಳ ಮೇಲೆ ಮರಿ ಬರುತ್ತದೆ.

ಆ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಮೊಟ್ಟೆಯ ಮೇಲೆ ಬೆವರಿನಂತೆ ಹನಿ ಮೂಡುತ್ತದೆ. ಮೊಟ್ಟೆ ಸ್ವಲ್ಪ ಸೊರಗುತ್ತದೆ. ಆಮೇಲೆ ಬ್ಲೇಡಿನಿಂದ ಎಳೆದಂಥ ಒಂದು ಸೀಳು. ಮರಿಯ ಮೂತಿಯ ತುದಿಯಲ್ಲಿ ಮೊಟ್ಟೆ ಸೀಳುವುದಕ್ಕೆಂದೇ ಒಂದು ಪುಟ್ಟ ಹಲ್ಲು ಇರುತ್ತದೆ, ಕೆಲಸ ಮುಗಿದ ಮೇಲೆ ಬಿದ್ದುಹೋಗುತ್ತದೆ. ಸೀಳಿನಿಂದ ತಲೆ ಹೊರಗೆ ಬಂತು. ಇನ್ನೇನು ಓಡಿಬಿಡುತ್ತದೆ ಅಂದುಕೊಂಡರೆ ಇಲ್ಲ. ಚಳಿಗಾಲದ ಬೆಳಿಗ್ಗೆ ಕಂಬಳಿಯಿಂದ ತಲೆಯಷ್ಟೇ ಹೊರಗಿಟ್ಟು ಮಲಗುವ ನಿಮ್ಮ ಹಾಗೆ, ಗಂಟೆಗಟ್ಟಲೆ ಹಾಗೇ ಇರುತ್ತದೆ!

ಹೀಗೆ ಬಂದ ಮರಿಗೆ ಸಾಕುವವರು ವಿಟಿಕಿನ್ ಎಂದು ಹೆಸರಿಟ್ಟರು. ವಿಟಿಸೆಪ್ಸಿನ ತಲೆ, ರ‍್ಯಾಂಕಿನ್ನಿನ ಬಾಲ ಸೇರಿಸಿ ಮಾಡಿದ ಹೆಸರು. ಮರಿಯೂ ಹಾಗೆಯೇ, ಗಾತ್ರದಲ್ಲಿ ಎರಡಕ್ಕೂ ನಡುವಿನದು.

ಎರಡು ಪ್ರಭೇದಗಳು ಕೂಡಿದರೆ ಒಳಗೆ ಏನು ನಡೆಯುತ್ತದೆ? ಪ್ರತಿ ಪ್ರಾಣಿಯ ಮೈಯ ಕಣಕಣದಲ್ಲೂ ಅದನ್ನು ಕಟ್ಟುವ ವಿಧಾನ ಬರೆದ ಅಡುಗೆ ಪುಸ್ತಕವೊಂದಿದೆ ಎಂದು ಊಹಿಸಿಕೊಳ್ಳಿ. ಅರ್ಧ ಪುಟ ಅಪ್ಪನಿಂದ, ಅರ್ಧ ಪುಟ ಅಮ್ಮನಿಂದ. ಅಪ್ಪ ಅಮ್ಮ ಒಂದೇ ಪ್ರಭೇದದವರಾದರೆ ಎರಡೂ ಕಡೆಯ ಪುಟಗಳು ಸಲೀಸಾಗಿ ಹೊಂದುತ್ತವೆ. ಬೇರೆ ಪ್ರಭೇದವಾದರೆ ಒಂದರಲ್ಲಿ ಹುಳಿ ಮಾಡುವ ಬಗೆ, ಇನ್ನೊಂದರಲ್ಲಿ ಸಾಂಬಾರಿನ ಬಗೆ. ಎರಡೂ ಹತ್ತಿರದವಾದರೆ ಹೇಗೋ ಅಡುಗೆ ಆಗುತ್ತದೆ, ಊಟಕ್ಕೂ ರುಚಿ. ಬಹಳ ದೂರದವಾದರೆ ಒಲೆಯೇ ಹೊತ್ತುವುದಿಲ್ಲ, ಮರಿ ಹುಟ್ಟುವುದೇ ಇಲ್ಲ.

ಕೆಲವೊಮ್ಮೆ ಮರಿ ಹುಟ್ಟಿ ಗಟ್ಟಿಮುಟ್ಟಾಗಿ ಬೆಳೆದರೂ ಅದಕ್ಕೆ ಮರಿಯಾಗುವುದಿಲ್ಲ. ಹೇಸರಗತ್ತೆಯ ಸಂಗತಿ ಅದೇ. ಕುದುರೆಯ ಪುಸ್ತಕ 64 ಕಟ್ಟುಗಳಲ್ಲಿದೆ, ಕತ್ತೆಯದು 62ರಲ್ಲಿ. ವಿಜ್ಞಾನಿಗಳು ಈ ಕಟ್ಟನ್ನು ಕ್ರೋಮೋಸೋಮ್ ಎನ್ನುತ್ತಾರೆ. ಅರ್ಧ ಅರ್ಧ ಸೇರಿದರೆ ಹೇಸರಗತ್ತೆಗೆ 63. ಪ್ರಾರ್ಥನೆಗೆ ಇಬ್ಬಿಬ್ಬರಾಗಿ ಕೈ ಹಿಡಿದು ಸಾಲು ನಿಲ್ಲಿ ಎಂದು ಮೇಷ್ಟ್ರು 63 ಮಕ್ಕಳಿಗೆ ಹೇಳಿದರೆ? ಒಬ್ಬರು ಜೋಡಿಯಿಲ್ಲದೆ ಉಳಿಯುತ್ತಾರೆ. ಸಿಕ್ಕ ಜೋಡಿಗಳೂ ಸರಿಯಾಗಿ ಹೊಂದುವುದಿಲ್ಲ. ಮುಂದಿನ ಮರಿಗೆ ಪುಟ ಹಂಚುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಈಗ ಜಗಳಕ್ಕೆ ಬರೋಣ. ಕೂಡಿಸಿದರೆ ತಪ್ಪಿಲ್ಲ ಎನ್ನುವವರ ಮಾತು ಹೀಗೆ. ನಾಯಿ, ಹಸು, ಹೂಗಿಡಗಳಲ್ಲಿ ಮನುಷ್ಯರು ಬಗೆಬಗೆಯ ತಳಿ ಬೆರೆಸಿಲ್ಲವೆ? ವಿಟಿಕಿನ್ ಚಿಕ್ಕದು, ಚಿಕ್ಕ ಮನೆಯಲ್ಲೂ ಸಾಕಬಹುದು. ಬೇರೆ ರಕ್ತ ಸೇರಿದರೆ ಮರಿ ಇನ್ನೂ ಗಟ್ಟಿಯಾಗಬಹುದು. ಕಾಡಿನಲ್ಲೇ ಇಂಥ ಮಿಶ್ರಣ ಆಗುತ್ತಿರುವಾಗ ಮನೆಯಲ್ಲಿ ಏಕೆ ಬೇಡ?

ಬೇಡ ಎನ್ನುವವರ ಮಾತೂ ಕೇಳಿ. ದೊಡ್ಡ ಓತಿ, ಪುಟ್ಟ ಓತಿ ಒಂದೇ ಪೆಟ್ಟಿಗೆಯಲ್ಲಿದ್ದರೆ ಚಿಕ್ಕದಕ್ಕೆ ಗಾಯವಾಗುವ ಭಯ ಇದ್ದೇ ಇದೆ. ಹುಟ್ಟುವ ಮರಿ ಎಷ್ಟು ದೊಡ್ಡದಾಗುತ್ತದೆ, ಅದಕ್ಕೆ ಎಷ್ಟು ಜಾಗ ಬೇಕು, ಮುಂಚೆಯೇ ಹೇಳುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ಚಿಂತೆ ಬೇರೆ. ವಿಟಿಕಿನ್ ಕೈಯಿಂದ ಕೈಗೆ ಹೋಗುತ್ತದೆ. ಮೂರನೆಯ ಮನೆ ಸೇರುವ ಹೊತ್ತಿಗೆ “ಇದು ರ‍್ಯಾಂಕಿನ್” ಎಂದು ಯಾರೋ ಹೇಳಿರುತ್ತಾರೆ. ಹೊಸ ಒಡೆಯ ಅದಕ್ಕೆ ನಿಜವಾದ ರ‍್ಯಾಂಕಿನ್ ಜೋಡಿ ತರುತ್ತಾನೆ. ಅಲ್ಲಿಂದ ಮುಂದೆ ಯಾವುದು ಅಸಲು, ಯಾವುದು ಬೆರಕೆ, ಕಣ್ಣಿಗೆ ತಿಳಿಯುವುದಿಲ್ಲ.

ನನ್ನ ಅಜ್ಜಿ ಮುಂದಿನ ಮಳೆಗಾಲಕ್ಕೆ ಬೇಕಾದ ಬೀಜಗಳನ್ನು ಮಣ್ಣಿನ ಕುಡಿಕೆಗಳಲ್ಲಿ ಬೂದಿ ಬೆರೆಸಿ ಇಡುತ್ತಿದ್ದರು. ಆ ಕುಡಿಕೆಗಳಿಗೆ ನಮ್ಮನ್ನು ಕೈ ಹಾಕಲು ಬಿಡುತ್ತಿರಲಿಲ್ಲ. ಬಿಳಿ ಮೆಕ್ಕೆಜೋಳ, ಹಳದಿ ಮೆಕ್ಕೆಜೋಳ ಪಕ್ಕಪಕ್ಕ ಬಿತ್ತಿದರೆ ಬಿಳಿ ತೆನೆಯಲ್ಲಿ ಅಲ್ಲಲ್ಲಿ ಹಳದಿ ಕಾಳು ಮೂಡುತ್ತದೆ, ಸುಲಿದು ನೋಡಿದರೆ ನಿಮಗೇ ಕಾಣುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ, ಅದೂ ಸಿಹಿಯೇ. ಆದರೆ ಬಿತ್ತನೆಗೆ ಆ ತೆನೆಯನ್ನು ಅಜ್ಜಿ ಎತ್ತಿಡುತ್ತಿರಲಿಲ್ಲ. ಊಟದ ಕಾಳು ಬೇರೆ, ಬೀಜದ ಕಾಳು ಬೇರೆ.

ರ‍್ಯಾಂಕಿನ್ ಓತಿಯ ವಿಷಯದಲ್ಲಿ ಆ ಕುಡಿಕೆ ಬಹಳ ಚಿಕ್ಕದು. ಆಸ್ಟ್ರೇಲಿಯಾ ತನ್ನ ಕಾಡಿನ ಓತಿ ಹಲ್ಲಿಗಳನ್ನು ವ್ಯಾಪಾರಕ್ಕೆಂದು ಹೊರಗೆ ಕಳಿಸಲು ದಶಕಗಳಿಂದ ಬಿಡುವುದಿಲ್ಲ. ಬೇರೆ ದೇಶಗಳಲ್ಲಿ ಇರುವ ಗಡ್ಡದ ಓತಿಗಳೆಲ್ಲ ಹಿಂದೆಂದೋ ಹೊರಗೆ ಬಂದ ಕೆಲವೇ ಓತಿಗಳ ಮೊಮ್ಮಕ್ಕಳ ಮೊಮ್ಮಕ್ಕಳು. ಅವು ಬೆರೆತುಹೋದರೆ ಕಾಡಿನಿಂದ ಹೊಸದಾಗಿ ತಂದು ತುಂಬಿಕೊಳ್ಳುವ ದಾರಿಯಿಲ್ಲ.

ಬೆರೆತುಹೋದ ಮೇಲೆ ಬೇರ್ಪಡಿಸುವುದು ಎಷ್ಟು ಕಷ್ಟವೆಂದು ಒಂದು ದ್ವೀಪದ ಜನ ಅನುಭವಿಸಿಯೇ ಕಲಿತರು. ಕೆರಿಬಿಯನ್ ಸಮುದ್ರದಲ್ಲಿ ಗ್ರ್ಯಾಂಡ್ ಕೇಮನ್ ಎಂಬ ದ್ವೀಪವಿದೆ. ಅಲ್ಲೊಂದು ನೀಲಿ ಇಗುವಾನಾ ಇದೆ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಉಡದಷ್ಟು ದೊಡ್ಡ ಮೈ. ಬಿಸಿಲಿಗೆ ಮೈ ಕಾಯಿಸಿಕೊಂಡು ಕೂತರೆ ನೀಲಿ ಬಣ್ಣ ಹೊಳೆಯುತ್ತದೆ. ನಾಯಿ ಬೆಕ್ಕುಗಳ ಕಾಟಕ್ಕೆ, ವಾಹನಗಳ ಚಕ್ರಕ್ಕೆ, ಕಾಡು ಕಡಿದದ್ದಕ್ಕೆ ಅವು ಕರಗುತ್ತಾ ಬಂದವು. 2002ರಲ್ಲಿ ಎಣಿಸಿದಾಗ ಕಾಡಿನಲ್ಲಿ 25ಕ್ಕಿಂತ ಹೆಚ್ಚು ಉಳಿದಿರಲಾರವು ಎಂಬ ಅಂದಾಜು ಬಂತು. ನಿಮ್ಮ ಒಂದು ತರಗತಿಯಷ್ಟೂ ಇಲ್ಲ!

ಅಲ್ಲಿನ ನ್ಯಾಷನಲ್ ಟ್ರಸ್ಟ್ 1990ರಲ್ಲೇ ಈ ಇಗುವಾನಾಗಳನ್ನು ಉಳಿಸುವ ಕೆಲಸಕ್ಕೆ ಕೈ ಹಾಕಿತ್ತು. ಸಾಕಿದ್ದವನ್ನು ಮರಿ ಮಾಡಿಸಿ ಕಾಡಿಗೆ ಬಿಡುವುದು ಎಂದು ಯೋಚನೆ. ಆದರೆ ಮೊದಲ ಹೆಜ್ಜೆಯಲ್ಲೇ ತೊಡಕು. ಸಾಕಿದ್ದ ಇಗುವಾನಾಗಳಲ್ಲಿ ಬೆರಕೆಯೂ ಇದ್ದವು. ಪಕ್ಕದ ಕೇಮನ್ ದ್ವೀಪಗಳ ಇನ್ನೊಂದು ಬಗೆಯ ಇಗುವಾನಾದ ಜೊತೆ ಅವು ಕೂಡಿ ಬೆಳೆದಿದ್ದವು. ಸಾಕಿದವರಿಗೆ ಯಾವ ಕೆಟ್ಟ ಮನಸ್ಸೂ ಇದ್ದಿರಲಾರದು. ನೋಡಲು ಎರಡೂ ನೆಂಟರು, ಅಷ್ಟೇ ಅಂದುಕೊಂಡಿರಬೇಕು.

ಕೊನೆಗೆ ರಕ್ತ ಪರೀಕ್ಷೆ ಮಾಡಿ, ಡಿಎನ್‌ಎ ನೋಡಿ, ಅಂದರೆ ಅಡುಗೆ ಪುಸ್ತಕವನ್ನು ಪುಟ ಪುಟ ಓದಿ, ಅಸಲು ನೀಲಿ ಇಗುವಾನಾಗಳನ್ನು ಆರಿಸಬೇಕಾಯಿತು. ಬೆರಕೆಯವು ಚೆಂದವಾಗಿದ್ದರೂ ಕಾಡಿಗೆ ಹೋಗುವ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ. ಆರಿಸಿ ತೆಗೆದ ಕೆಲವೇ ಕೆಲವು ಪ್ರಾಣಿಗಳಿಂದ ಮತ್ತೆ ಸಂತತಿ ಎಬ್ಬಿಸಿದರು. 2018ರಲ್ಲಿ ಸಾವಿರನೆಯ ನೀಲಿ ಇಗುವಾನಾವನ್ನು ಕಾಡಿಗೆ ಬಿಟ್ಟಾಗ ಅವರಿಗೆ ಹೇಗಾಗಿರಬೇಕು ಯೋಚಿಸಿ!

ಅದೇ ಸಮುದ್ರದ ಬೇರೆ ದ್ವೀಪಗಳಲ್ಲಿ ಕಥೆ ಹೀಗೆ ಸುಖವಾಗಿ ಮುಗಿದಿಲ್ಲ. ಅಲ್ಲಿ ಕಿರು ಆಂಟಿಲೀಸ್ ಇಗುವಾನಾ ಎಂಬ ಹಳೆಯ ನಿವಾಸಿ ಇದೆ. ಮುದ್ದಿಗಾಗಿ ಪ್ರಪಂಚದಾದ್ಯಂತ ಸಾಕುವ ಹಸಿರು ಇಗುವಾನಾ ಮನುಷ್ಯರ ಜೊತೆ, ಹಡಗಿನ ಸರಕಿನ ಜೊತೆ ಆ ದ್ವೀಪಗಳನ್ನು ಸೇರಿತು. 1995ರ ಚಂಡಮಾರುತಗಳ ಮೇಲಂತೂ ಕನಿಷ್ಠ 15 ಹಸಿರು ಇಗುವಾನಾಗಳು ಬುಡಸಮೇತ ಕಿತ್ತುಬಿದ್ದ ಮರಗಳ ರಾಶಿಯನ್ನೇ ತೆಪ್ಪ ಮಾಡಿಕೊಂಡು ತೇಲುತ್ತಾ ಬಂದು ಅಂಗ್ವಿಲಾ ದ್ವೀಪದ ದಡ ಮುಟ್ಟಿದವು.

ಎರಡನ್ನೂ ಗುರುತಿಸಲು ಸುಲಭದ ಉಪಾಯವಿದೆ. ಹಸಿರು ಇಗುವಾನಾದ ಕಿವಿಯ ಕೆಳಗೆ, ಕೆನ್ನೆಯ ಮೇಲೆ, ಅಂಗಿಯ ದೊಡ್ಡ ಗುಂಡಿಯಂಥ ಒಂದು ದುಂಡನೆಯ ಹುರುಪೆ ಇರುತ್ತದೆ. ಬಾಲಕ್ಕೆ ಪಟ್ಟೆಗಳಿರುತ್ತವೆ. ಕಿರು ಆಂಟಿಲೀಸ್ ಇಗುವಾನಾಕ್ಕೆ ಆ ಗುಂಡಿಯೂ ಇಲ್ಲ, ಪಟ್ಟೆಯೂ ಇಲ್ಲ. ಇವೆರಡೂ ಕೂಡಿದರೆ ಹುಟ್ಟುವ ಮರಿ ಹೇಸರಗತ್ತೆಯ ಹಾಗಲ್ಲ, ಅದಕ್ಕೂ ಮರಿಗಳಾಗುತ್ತವೆ. ಹೀಗಾಗಿ ಬೆರಕೆ ನಿಲ್ಲದೆ ಹರಡುತ್ತದೆ. ಗ್ವಾಡಲೂಪ್ ಬಳಿಯ ಕೆಲವು ದ್ವೀಪಗಳಲ್ಲಿ ಗುಂಡಿಯಿಲ್ಲದ ಕೆನ್ನೆಯ ಆ ಹಳೆಯ ಇಗುವಾನಾ ಈಗ ಉಳಿದೇ ಇಲ್ಲ. ಈ ವಿಷಯ ಬರೆಯುವಾಗ ನನ್ನ ಕೈ ಸ್ವಲ್ಪ ನಿಲ್ಲುತ್ತದೆ.

ಹಾಗಾದರೆ ಕಾಡಿನಲ್ಲೂ ಆಗುತ್ತದಲ್ಲ ಎಂಬ ಮಾತು? ಅದು ನಿಜ, ಮತ್ತು ಬಹಳ ಸೊಗಸಾದ ನಿಜ. ಗಲಪಗೋಸ್ ದ್ವೀಪಗಳ ಗುಂಪಿನಲ್ಲಿ ಸೌತ್ ಪ್ಲಾಜಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಸಮುದ್ರಕ್ಕೆ ಧುಮುಕಿ ಪಾಚಿ ತಿನ್ನುವ ಕಡಲ ಇಗುವಾನಾವೂ, ನೆಲದ ಮೇಲೆ ಪಾಪಾಸುಕಳ್ಳಿ ತಿನ್ನುವ ನೆಲದ ಇಗುವಾನಾವೂ ಅಕ್ಕಪಕ್ಕ ಇವೆ. ಅಪರೂಪಕ್ಕೊಮ್ಮೆ ಕಡಲ ಅಪ್ಪ, ನೆಲದ ಅಮ್ಮ ಕೂಡಿ ಮರಿಯಾಗುತ್ತದೆ.

ಆ ಮರಿಗೆ ಅಪ್ಪನಿಂದ ಚೂಪಾದ ಉಗುರು ಬಂದಿರುತ್ತದೆ. ಅಲೆ ಹೊಡೆಯುವ ಬಂಡೆಗೆ ಕಚ್ಚಿಕೊಳ್ಳಲು ಬೇಕಾದ ಉಗುರು ಅದು. ಅಮ್ಮನ ಬಳಗದವರು ಕಳ್ಳಿಗಿಡದ ಕೆಳಗೆ ಕೂತು, ತುಣುಕು ಯಾವಾಗ ಬೀಳುತ್ತದೋ ಎಂದು ಕಾಯುತ್ತಾರೆ. ಈ ಮರಿ ಅಪ್ಪನ ಉಗುರೂರಿ ಗಿಡವನ್ನೇ ಹತ್ತಿ ಅಮ್ಮನ ಊಟ ತಿನ್ನುತ್ತದೆ! ಆದರೆ ಅದಕ್ಕೆ ಮರಿಗಳಾಗುವುದಿಲ್ಲ. ಹೀಗಾಗಿ ಎರಡೂ ಬಳಗಗಳು ಇಂದಿಗೂ ಬೇರೆಯಾಗಿಯೇ ಉಳಿದಿವೆ.

ಇನ್ನೂ ವಿಚಿತ್ರ ಬೇಕೆ? ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಚಾಟಿಯಂಥ ಬಾಲದ ಒಂದು ಹಲ್ಲಿ ಇದೆ. ಅದರಲ್ಲಿ ಗಂಡೇ ಇಲ್ಲ, ಎಲ್ಲ ಹೆಣ್ಣು. ಹುಲ್ಲುಗಾವಲಿನ ಒಂದು ಪ್ರಭೇದ, ಮರುಭೂಮಿಯ ಒಂದು ಪ್ರಭೇದ ಎಂದೋ ಕೂಡಿದ್ದರಿಂದ ಹುಟ್ಟಿದ ಬಳಗ ಅದು. ಗಂಡಿನ ನೆರವಿಲ್ಲದೆ ಇಟ್ಟ ಮೊಟ್ಟೆಯಿಂದಲೇ ಮರಿ ಬರುತ್ತದೆ, ಅಮ್ಮನ ಪಡಿಯಚ್ಚು. ಆ ರಾಜ್ಯದವರು 2003ರಲ್ಲಿ ಇದನ್ನು ತಮ್ಮ ರಾಜ್ಯದ ಸರೀಸೃಪವೆಂದು ಆರಿಸಿಕೊಂಡರು. 2011ರಲ್ಲಿ ಕ್ಯಾನ್ಸಸ್ ಸಿಟಿಯ ಸ್ಟೋವರ್ಸ್ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗಾಲಯದಲ್ಲೇ ಎರಡು ಬಗೆಯ ಚಾಟಿಬಾಲದ ಹಲ್ಲಿಗಳನ್ನು ಕೂಡಿಸಿ, ಇಂಥದೇ ಹೆಣ್ಣುಗಳ ಹೊಸ ವಂಶವೊಂದನ್ನು ಪಡೆದರು.

ಹಾಗೆಂದು ಗಾಜಿನ ಪೆಟ್ಟಿಗೆಯೂ ಕಾಡೂ ಒಂದೇ ಎಂದು ನಾನು ಒಪ್ಪುವುದಿಲ್ಲ. ಕಾಡು ಒಂದು ದೊಡ್ಡ ಜರಡಿ. ಬಿಸಿಲು, ಬರ, ಹದ್ದು, ಹಸಿವು ಎಲ್ಲವೂ ಸೇರಿ ಜರಡಿ ಹಿಡಿಯುತ್ತವೆ. ಪೆಟ್ಟಿಗೆಯಲ್ಲಿ ಜರಡಿಯಿಲ್ಲ. ಅಲ್ಲಿ ಹುಟ್ಟಿದ್ದರ ಹೊಣೆಯೆಲ್ಲ ಕೂಡಿಸಿದವರದ್ದೇ. ಪ್ರಯೋಗಾಲಯದ ವಿಜ್ಞಾನಿ ಯಾವುದರ ತಾಯಿ ಯಾವುದು, ತಂದೆ ಯಾವುದು ಎಂದು ಒಂದೊಂದನ್ನೂ ಬರೆದಿಡುತ್ತಾರೆ. ಮಾರುವ ಆತುರದಲ್ಲಿ ಬೆರೆಸುವವರ ಹತ್ತಿರ ಎಷ್ಟೋ ಸಲ ಆ ಪುಸ್ತಕವೇ ಇರುವುದಿಲ್ಲ.

ನನ್ನನ್ನು ಕೇಳಿದರೆ, ರ‍್ಯಾಂಕಿನ್ ಓತಿ ರ‍್ಯಾಂಕಿನ್ ಆಗಿಯೇ ಇರಲಿ ಎನ್ನುತ್ತೇನೆ. ಈಗಾಗಲೇ ಹುಟ್ಟಿರುವ ವಿಟಿಕಿನ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಅವೂ ಕೈ ಎತ್ತಿ ಸುತ್ತಿಸುತ್ತವೆ, ಅವಕ್ಕೂ ಬಿಸಿಲು ಕಾಯುವ ಆಸೆ. ಅವನ್ನು ಚೆನ್ನಾಗಿ ನೋಡಿಕೊಳ್ಳಲಿ, ವಿಟಿಕಿನ್ ಎಂದೇ ಕರೆಯಲಿ, ಅವುಗಳಿಂದ ಮುಂದೆ ಮರಿ ಮಾಡಿಸದಿರಲಿ.

ನಮ್ಮ ಊರಿನ ಉಡ, ಗೋಸುಂಬೆಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಅದು ನಿಮಗೆ ತಿಳಿದಿರಲಿ. ನೋಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಇವತ್ತಿನ ತಾರೀಕು ಹಾಕಿ, ಟ್ಯೂಬ್‌ಲೈಟಿನ ಹತ್ತಿರ ಎಷ್ಟು ಹಲ್ಲಿ ಬಂದವು, ಯಾವುದರ ಬಾಲದಲ್ಲಿ ಮುಳ್ಳಿನ ಸಾಲಿದೆ, ಯಾವುದರ ಮೈಮೇಲೆ ಅಲೆಗೆರೆಯಿದೆ, ಲೊಚಗುಟ್ಟಿದ್ದು ಯಾವುದು ಎಂದು ಬರೆಯಿರಿ. ಒಂದು ತಿಂಗಳು ಬರೆಯಿರಿ. ಆಮೇಲೆ ಆ ಪುಸ್ತಕ ಹಿಡಿದು ಬನ್ನಿ, ಕೂತು ಮಾತಾಡೋಣ.